ಒಂದನೇ ದರ್ಜೆಯ ದಾರಿ

ಮಾರ್ಚ್ 4

ಇವತ್ತಿನಿಂದ ಭಾವನ ಮೇಲೆ ಕಣ್ಣಿಡುವ ಕೆಲಸಕ್ಕೆ ಸೇರಿದ್ದೇನೆ. ಅಕ್ಕ ಕೊಟ್ಟ ಕೆಲಸ. ಸಂಬಳವಿಲ್ಲ, ಊಟ ಉಂಟು.

ವಿಷಯ ಇಷ್ಟು. ಭಾವ ಸೈಕಲ್ ದಾರಿಗಳ ಕಚೇರಿಯಲ್ಲಿ ಪರೀಕ್ಷಕರು. ನಮ್ಮ ಸುತ್ತಮುತ್ತ ಕೆರೆಗಳೂ ಕಾಲುವೆಗಳೂ ಸೇರಿ ಮಾಡಿಟ್ಟಿರುವ ಗೋಜಲಿನ ನಡುವೆ ಹದಿನೆಂಟು ಜಲ್ಲಿ ದಾರಿಗಳಿವೆ. ಪ್ರತಿ ವರ್ಷ ಸವಾರರು ಬರುವ ಮೊದಲು ಭಾವ ಅವನ್ನೆಲ್ಲ ತುಳಿದು, ಒಂದೊಂದಕ್ಕೂ ದರ್ಜೆ ಕೊಡುತ್ತಾರೆ. ಒಂದು ಎಂದರೆ ಮೂರು ಚಕ್ರದ ಸೈಕಲ್ಲಿನ ಮಗುವೂ ಹೋಗಬಹುದು. ಐದು ಎಂದರೆ ಮನೆಯವರಿಗೆಲ್ಲ ಹೇಳಿ ಹೊರಡಬೇಕು. ಅವರು ಹೇಳಿದ ಅಂಕಿಯನ್ನು ಕಚೇರಿಯವರು ತಗಡಿನ ಬಿಲ್ಲೆಯ ಮೇಲೆ ಬರೆಸಿ ದಾರಿ ಶುರುವಾಗುವಲ್ಲಿ ಕಂಬಕ್ಕೆ ಹೊಡೆಯುತ್ತಾರೆ. ಇಪ್ಪತ್ತು ವರ್ಷದಿಂದ ಒಂದು ಅಂಕಿಯೂ ತಪ್ಪಿಲ್ಲವಂತೆ. ಇದನ್ನು ಹೇಳಿದ್ದು ಭಾವನೇ.

ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದು ಅಕ್ಕನಿಗೆ ಅನುಮಾನ. ಕೇಳಿದರೆ ರೇಗುತ್ತಾರೆ. ಡಾಕ್ಟರ ಹತ್ತಿರ ಎಂದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಕಾಲುವೆ ಏರಿಯ ಮೇಲೆ ಸೈಕಲ್ ಹೊಡೆಯುವವರಿಗೆ ಕಣ್ಣು ಬೇಕು, ಅದರಲ್ಲೂ ಈಜು ಬಾರದವರಿಗೆ ಬೇಕೇ ಬೇಕು. ಊರಿನ ಅರ್ಧ ಮಕ್ಕಳಿಗೆ ಈಜುಕೊಳದಲ್ಲಿ ಪಾಠ ಹೇಳಿದ ಅಕ್ಕ, ಗಂಡನಿಗೆ ಮಾತ್ರ ಕಲಿಸಲಾಗಲಿಲ್ಲ.

"ಜೊತೆಗೆ ಹೋಗು. ನೋಡಿ ನಂಗೆ ಒಂದೇ ಒಂದು ಮಾತು ಹೇಳು. ಕಾಣತ್ತೋ ಇಲ್ವೋ. ಇಲ್ಲ ಅಂದ್ರೆ ನಾನೇ ಕಚೇರಿಗೆ ಹೋಗಿ ಈ ಕೆಲಸ ಬಿಡಿಸ್ತೀನಿ."

"ನಾನೇ ಯಾಕಕ್ಕ?"

"ನಿಂಗೆ ಬೇರೆ ಕೆಲಸ ಇಲ್ಲ. ಮತ್ತೆ ಕಣ್ಣಿನ ವಿಷಯ ನಿಂಗೆ ಗೊತ್ತಿರತ್ತೆ."

ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಫ್ರೇಮು ಮಾರಿದ್ದೇನೆ, ನಿಜ. ಆದರೆ ನನಗೆ ಗೊತ್ತಿರುವುದು ಮೂಗು ಮತ್ತು ಕಿವಿಯ ವಿಷಯ. ಅಂಗಡಿ ಹೋದ ತಿಂಗಳು ಮುಚ್ಚಿತು. ಅಂದಿನಿಂದ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಬೆಳಿಗ್ಗೆ ಎದ್ದು ಶರ್ಟಿಗೆ ಇಸ್ತ್ರಿ ಹಾಕಿ, ತೊಟ್ಟು, ಮತ್ತೆ ಅದೇ ಮಂಚದ ಮೇಲೆ ಕೂರುತ್ತೇನೆ.

ಭಾವನಿಗೆ ಹೇಳಿರುವುದು ಬೇರೆ: ನನ್ನ ಹೊಟ್ಟೆ ಕರಗಬೇಕು, ಕರೆದುಕೊಂಡು ಹೋಗಿ ಎಂದು. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಪ್ಪಿಕೊಂಡರು. ಹೊಟ್ಟೆಯಂತೂ ಕಾಣುತ್ತದೆ ಎಂದಾಯಿತು.

ಮಾರ್ಚ್ 6

ಮೊದಲ ದಾರಿ. ಹಕ್ಕಿಗಳು ಬಂದಿಳಿಯುವ ಕೆರೆಯ ದಂಡೆ. ಎಡಕ್ಕೆ ಕೆರೆ, ಬಲಕ್ಕೆ ಕಾಲುವೆ, ನಡುವೆ ಜಲ್ಲಿ ಹಾಸಿದ ಏರಿ, ಅದರ ಮೇಲೆ ನಾನು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಇವತ್ತು.

ಭಾವ ಒಂದು ಕಿತ್ತಳೆ ಬಣ್ಣದ ಅಂಗಿ ತಂದುಕೊಟ್ಟಿದ್ದರು. ರಸ್ತೆ ರಿಪೇರಿಯವರು ತೊಡುವಂಥದು. "ನೀನು ಮುಂದೆ ಹೋಗು. ಹಿಂದೆ ಬಿಟ್ರೆ ಎಲ್ಲಿ ಬಿದ್ದಿದೀಯ ಅಂತ ಹುಡುಕ್ಬೇಕಾಗತ್ತೆ," ಅಂದರು. ಮರ್ಯಾದಸ್ಥರು.

ಜಲ್ಲಿಯ ಮೇಲೆ ಚಕ್ರ ತನಗೆ ತೋಚಿದ ಕಡೆ ಹೋಗುತ್ತದೆ. ಹ್ಯಾಂಡಲ್ ಇರುವುದು ಬರೀ ಸಲಹೆ ಕೊಡಲಿಕ್ಕೆ. ಹೆದರಿಕೆಯಾದಾಗ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ನನಗಿಲ್ಲ, ಕಂಡದ್ದನ್ನೆಲ್ಲ ಕೂಗುತ್ತ ಹೋದೆ. ಕಲ್ಲು! ಗುಂಡಿ! ಬಾತುಕೋಳಿ! ಬೆಂಚು! ಇನ್ನೊಂದು ಬಾತುಕೋಳಿ! ಒಬ್ಬಾಕೆ ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡು ನಮ್ಮನ್ನು ದಾಟಿ ಮುಂದೆ ಹೋದಳು. ಕೆಲವರಿಗೆ ಮಕ್ಕಳ ಜೀವದ ಬಗ್ಗೆ ಕಾಳಜಿಯೇ ಇರುವುದಿಲ್ಲ.

ದಾರಿ ಮುಗಿಯುವಲ್ಲಿ ಒಂದು ಟೀ ಅಂಗಡಿ. ಭಾವ ಟೀ ಕುಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, ಫೋನಿನೊಳಕ್ಕೆ ಹೇಳಿದರು: "ಐದು." ನಂತರ ನನಗೆ, "ಹೋದ ವರ್ಷ ಇದು ಒಂದಿತ್ತು. ಈ ವರ್ಷ ಬಹಳ ಕೆಟ್ಟುಹೋಗಿದೆ."

ಐದು ಕಡಿಮೆಯೇ ಆಯಿತು ಎಂದು ನನ್ನ ಅಭಿಪ್ರಾಯ.

ಮಾರ್ಚ್ 7

ಮೆಟ್ಟಿಲು ಇಳಿಯಲಾಗಲಿಲ್ಲ. ಹಿಮ್ಮುಖವಾಗಿ ಇಳಿದೆ.

ಮಾರ್ಚ್ 12

ತೂಬಿನ ಪಕ್ಕದ ದಾರಿ. ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದವನು ಸೈಕಲ್ ತುಳಿದವನಲ್ಲ. ನನಗೆ ಬಾಯಿಯೂ ಕೆಸರೇ ಆಯಿತು. ಭಾವ ನನ್ನಿಂದ ಒಂದು ಗೇಣು ಹಿಂದೆ ಸೈಕಲ್ ನಿಲ್ಲಿಸಿ, "ಏನಾಯ್ತೋ?" ಅಂದರು. ಆಗಿದ್ದೆಲ್ಲ ಕಣ್ಣೆದುರಿಗೇ ಬಿದ್ದಿತ್ತು.

ಗುಟ್ಟಾಗಿ ಗಮನಿಸಿದ್ದು: ಭಾವ ತೂಬಿನ ಗೇಟಿನ ಹತ್ತಿರ ಟಾರ್ಪಾಲು ಹೊದಿಸಿದ್ದ ಕಂಬಕ್ಕೆ "ನಮಸ್ಕಾರ, ಚೆನ್ನಾಗಿದೀರಾ" ಅಂದರು. ಕಂಬದ ಪಕ್ಕದಲ್ಲೇ ನಿಂತು ಕೈ ಎತ್ತಿದ ಕಾವಲುಗಾರನಿಗೆ ಏನೂ ಹೇಳಲಿಲ್ಲ. ಇಬ್ಬರ ನಡುವೆ ಮನಸ್ತಾಪ ಇದ್ದರೂ ಇರಬಹುದು. ಆತುರದಿಂದ ತೀರ್ಮಾನಕ್ಕೆ ಬರಬಾರದು.

ದರ್ಜೆ ಐದು.

ಮಾರ್ಚ್ 20

ಭಾವ ನನ್ನ ಜೊತೆ ಮಾತಾಡುವಾಗ ನನ್ನ ಕಿವಿಯನ್ನು ನೋಡುತ್ತಾರೆ. ಫ್ರೇಮು ಮಾರುತ್ತಿದ್ದಾಗ ನಾನೂ ಹಾಗೆಯೇ ಮಾಡುತ್ತಿದ್ದೆ, ಆದ್ದರಿಂದ ಇಷ್ಟು ದಿನ ಅದು ವಿಶೇಷ ಅನ್ನಿಸಿರಲಿಲ್ಲ.

ಇವತ್ತು ಕಾಲುವೆಯ ಕಟ್ಟೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದಾಗ ಸುಮ್ಮನೆ ಮೂರು ಬೆರಳು ಎತ್ತಿ ಅವರ ಮುಖದ ಮುಂದೆ ಹಿಡಿದೆ.

"ಕೈ ಇಳಿಸೋ," ಅಂದರು. "ಎಷ್ಟು ಬೆರಳು ಅಂತ ಗೊತ್ತಾಗಲ್ಲ. ಕೈ ಅಂತ ಗೊತ್ತಾಗತ್ತೆ."

ನಾನು ಕೈ ಇಳಿಸಿದೆ. ಅವರು ಬನ್ನು ಮುಗಿಸಿ ಕೈ ಒರೆಸಿಕೊಂಡರು.

"ಎರಡು ವರ್ಷ ಆಗ್ತಾ ಬಂತು. ನೇರ ನೋಡಿದ್ರೆ ಮಧ್ಯದಲ್ಲಿ ಬೂದಿ ಬಳಿದ ಹಾಗೆ ಇರತ್ತೆ. ಅಂಚಲ್ಲಿ ಕಾಣತ್ತೆ. ನೀರಿನ ಹೊಳಪು ಎರಡೂ ಕಡೆ ಕಾಣತ್ತಲ್ಲ, ಅದರ ಮಧ್ಯ ಹೋಗ್ತಾ ಇರ್ತೀನಿ. ಈ ವರ್ಷ ನಿನ್ನ ಅಂಗಿ ಒಂದು ಸಿಕ್ತು."

"ಅಕ್ಕ..."

"ನಿಮ್ಮಕ್ಕ ಕಳಿಸಿರೋದು ಅಂತ ಮೊದಲನೇ ದಿನಾನೇ ಗೊತ್ತು. ನಲವತ್ತು ವರ್ಷ ಇಲ್ಲದ ಕಾಳಜಿ ನಿನ್ನ ಹೊಟ್ಟೆ ಮೇಲೆ ಈಗ ಯಾಕೆ ಬಂತು?" ಅವರು ನನ್ನ ಕಿವಿಯನ್ನೇ ನೋಡುತ್ತ ಹೇಳಿದರು. "ಇದೊಂದು ಸೀಸನ್ ಮುಗೀಲಿ ಕಣೋ. ಆಮೇಲೆ ನಾನೇ ಹೇಳ್ತೀನಿ. ಈ ದಾರಿಗಳು ಬಿಟ್ರೆ ನಾನು ಮನೇಲಿ ಕೂತು ಏನು ಮಾಡ್ಲಿ? ನೀನು ಕೂತಿದ್ಯಲ್ಲ, ಹೇಗಿತ್ತು?"

ಇಸ್ತ್ರಿ ಹಾಕಿದ ಶರ್ಟು ನೆನಪಾಯಿತು.

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಎನ್ನುತ್ತಾರೆ. ಇದು ಎರಡೂ ಅಲ್ಲ, ನಡುವಿನದು. ಅದಕ್ಕೆ ಗಾದೆ ಇದ್ದಂತಿಲ್ಲ. ಅಕ್ಕನಿಗೆ ನಾಳೆ ಹೇಳುತ್ತೇನೆ.

ಮಾರ್ಚ್ 22

ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಭಾವ ಪಕ್ಕದ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡಿದ್ದರು. ಇದ್ದಕ್ಕಿದ್ದಂತೆ ಅದರ ಸದ್ದು ಸಣ್ಣದಾಯಿತು.

"ಏನೋ, ನೋಡಿದ್ಯಾ?"

"ನೋಡ್ದೆ."

"ಕಾಣತ್ತಾ?"

"ಕಾಣತ್ತೆ ಅಕ್ಕ," ಅಂದೆ. "ನನಗಿಂತ ಚೆನ್ನಾಗಿ."

ಅಕ್ಕ ನಲ್ಲಿ ನಿಲ್ಲಿಸಿದಳು. ಆಮೇಲೆ ಉಳಿದಿದ್ದ ಒಂದು ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು.

ಭಾವನಿಗಾಗಿ ಹೇಳಿದ ಸುಳ್ಳು ಎಂದು ಬರೆದುಕೊಳ್ಳಬಹುದು. ಆದರೆ ಇಲ್ಲಿ ಓದುವವರು ಯಾರೂ ಇಲ್ಲವಲ್ಲ. ಅವರು ಸೈಕಲ್ ಬಿಟ್ಟರೆ ನಾನೂ ಮಂಚಕ್ಕೆ ವಾಪಸ್ಸು. ಮೊಟ್ಟೆ ತಿಂದೆ.

ಏಪ್ರಿಲ್ 3

ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಚರ್ಮ ಒಣಗಿ ಬೆಲ್ಟು ಸಡಿಲವಾಗಿರಬೇಕು.

ಅವಳಿ ಕೆರೆಗಳ ನಡುವಿನ ದಾರಿ. ಜಲ್ಲಿ ದಪ್ಪ. ಕೂಗಬೇಕಾದಲ್ಲಿ ಕೂಗಿದೆ. ದರ್ಜೆ ನಾಲ್ಕು. ಬರುಬರುತ್ತ ದಾರಿಗಳು ಸುಧಾರಿಸುತ್ತಿವೆ ಎಂದು ಭಾವ ಕಚೇರಿಗೆ ಹೇಳಿದರಂತೆ. ಅಲ್ಲಿಯ ಮೇಡಂಗೆ ಬಹಳ ಸಂತೋಷ.

ಏಪ್ರಿಲ್ 17

ಸಂದರ್ಶನ ಇತ್ತು, ಇನ್ನೊಂದು ಕನ್ನಡಕದ ಅಂಗಡಿಯಲ್ಲಿ. ಮರೆತು ಸೈಕಲ್ಲಿಗೆ ಹೋಗಿಬಿಟ್ಟೆ. ನೆನಪಾದಾಗ ಕಾಲುವೆಯ ಆಚೆ ದಡದಲ್ಲಿದ್ದೆ. ಗಾಳಿ ಹಿಂದಿನಿಂದ ಬೀಸುತ್ತಿತ್ತು, ತಿರುಗಿ ಬರಲು ಮನಸ್ಸಾಗಲಿಲ್ಲ.

ದರ್ಜೆ ಮೂರು.

ಏಪ್ರಿಲ್ 28

ಮರಳು ಬಿದ್ದ ದಾರಿ, ಒಂದು ಕಡೆ ಕಾಲುವೆ ಒಡೆದು ಹರಿದಿತ್ತು. ಸೈಕಲ್ ಹೆಗಲಿಗೇರಿಸಿ ದಾಟಿದೆವು. ಆಮೇಲೆ ಒಂದು ಕೈ ಬಿಟ್ಟು ಬಾಳೆಹಣ್ಣು ಸುಲಿದು ತಿಂದೆ. ಎರಡನೆಯದಕ್ಕೆ ಎರಡೂ ಕೈ ಬಿಟ್ಟೆ. ವಿಶೇಷವೇನೂ ಇಲ್ಲ.

"ಏನೋ ಇವತ್ತು ಮಾತೇ ಇಲ್ಲ?" ಅಂದರು ಭಾವ ಹಿಂದಿನಿಂದ.

"ಹೇಳೋಕೆ ಏನೂ ಇಲ್ಲ ಭಾವ. ದಾರಿ ಚೆನ್ನಾಗಿದೆ."

ದರ್ಜೆ ಎರಡು.

ಮೇ 9

ಕೊನೆಯ ದಾರಿ. ಹಳೆಯ ಪಂಪ್‌ಹೌಸಿನ ಏರಿ. ಗಟ್ಟಿ ಗರಸು ನೆಲ, ಚಕ್ರ ತಾನೇ ಓಡುತ್ತದೆ. ಆ ಎತ್ತರದಿಂದ ಎಂಥ ನೋಟ! ಒಂದು ಬದಿ ಕಾಲುವೆ ಕೆಳಗೆ ಕಪ್ಪಗೆ ನಿಂತಿದೆ, ಇನ್ನೊಂದು ಬದಿ ಕೆರೆ ಆಕಾಶದ ತುದಿಯವರೆಗೆ. ಒಂದು ಬೆಳ್ಳಕ್ಕಿ ನನ್ನ ಜೊತೆ ಜೊತೆಗೇ ಬಹಳ ದೂರ ಹಾರಿಕೊಂಡು ಬಂತು. ಉದ್ದಕ್ಕೂ ಹಾಡುತ್ತ ಹೋದೆ. ನನಗೆ ಪಲ್ಲವಿ ಮಾತ್ರ ಬರುವುದು, ಆದ್ದರಿಂದ ಪಲ್ಲವಿಯನ್ನೇ ಹಾಡಿದೆ. ಭಾವ ಕೂಡ ದನಿಗೂಡಿಸಿದರು.

ಪಂಪ್‌ಹೌಸಿನ ನೆರಳಲ್ಲಿ ಕೂತು ಫೋನಿಗೆ ಹೇಳಿದರು: "ಒಂದು."

ನನಗೂ ಸರಿ ಅನ್ನಿಸಿತು. ಹೀಗೆ ಸುಖವಾಗಿ ಯಾವ ದಾರಿಯಲ್ಲೂ ಹೋಗಿರಲಿಲ್ಲ.

ಮೇ 30

ಬಿಲ್ಲೆಗಳನ್ನು ಹೊಡೆದಾಯಿತು. ಸೀಸನ್ ಮುಗಿದರೆ ಹೇಳುತ್ತೇನೆ ಎಂದಿದ್ದ ಭಾವ ಇನ್ನೂ ಹೇಳಿಲ್ಲ. ಕೇಳಿದರೆ ಸೀಸನ್ ಎಂದರೆ ಸವಾರರ ಸೀಸನ್ ಎನ್ನುತ್ತಾರೆ. ಅದು ಈಗ ಶುರುವಾಗಿದೆ.

ಅಕ್ಕ ಭಾವನ ಹತ್ತಿರ ಕ್ಷಮೆ ಕೇಳಿದಳಂತೆ, ಸುಮ್ಮಸುಮ್ಮನೆ ಅನುಮಾನ ಪಟ್ಟೆ ಎಂದು. ಭಾವ ಇದನ್ನು ಹೇಳುವಾಗ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಎಣ್ಣೆಯೆಲ್ಲ ನೆಲಕ್ಕೆ ಬೀಳುತ್ತಿತ್ತು. ನಾನು ಎಣ್ಣೆ ಡಬ್ಬಿ ಹಿಡಿದ ಅವರ ಕೈಯನ್ನು ಸ್ವಲ್ಪ ಎಡಕ್ಕೆ ಸರಿಸಿದೆ.

ಜೂನ್ 13

ಬೆಳಿಗ್ಗೆ ಕಚೇರಿಯ ಮೇಡಂ ಫೋನು ಮಾಡಿದ್ದರು. ಹಕ್ಕಿಗಳ ಕೆರೆಯ ಟೀ ಅಂಗಡಿಯಾಕೆ ದೂರು ಕೊಟ್ಟಿದ್ದಾರೆ, ಹೋಗಿ ನೋಡಿ ಬನ್ನಿ ಎಂದು. ಅಕ್ಕ ಅಷ್ಟರಲ್ಲಿ ಈಜು ಕಲಿಯುವ ಮಕ್ಕಳನ್ನು ಕರೆದುಕೊಂಡು ಸೈಕಲ್ ಸುತ್ತಾಟಕ್ಕೆ ಹೋಗಿಯಾಗಿತ್ತು. ವರ್ಷಕ್ಕೊಮ್ಮೆ ಕರೆದೊಯ್ಯುತ್ತಾಳೆ. ನಾವಿಬ್ಬರೂ ಹೊರಟೆವು.

ಟೀ ಅಂಗಡಿಯಾಕೆ ನಮ್ಮನ್ನು ಕಂಡೊಡನೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಐದು ಅಂತ ಬಿಲ್ಲೆ ಹೊಡೆದ ದಿನದಿಂದ ಒಂದು ನರಪಿಳ್ಳೆ ಈ ಕಡೆ ಬಂದಿಲ್ಲ. ಏನ್ರೀ ಇದೆ ಇಲ್ಲಿ ಐದು ಕೊಡೋಕೆ? ಹುಲಿ ಇದ್ಯಾ? ನಮ್ಮತ್ತೆ ಊರುಗೋಲು ಹಿಡ್ಕೊಂಡು ದಿನಾ ವಾಕಿಂಗ್ ಮಾಡ್ತಾರೆ ಈ ದಾರೀಲಿ!"

ಅತ್ತೆ ದೂರದಲ್ಲಿ ಬರುತ್ತಲೂ ಇದ್ದರು.

ನಾನು ಸೈಕಲ್ ಹತ್ತಿ ದಂಡೆಯ ಮೇಲೆ ಹೋಗಿ ಬಂದೆ. ಕಲ್ಲಿಲ್ಲ. ಗುಂಡಿಯಿಲ್ಲ. ಏರಿ ಎಷ್ಟು ಅಗಲ ಎಂದರೆ ಎರಡು ಲಾರಿ ಒಟ್ಟಿಗೆ ಹೋಗಬಹುದು. ಬಾತುಕೋಳಿಗಳು ಇದ್ದವು.

"ಭಾವ, ಇದಕ್ಕೆ ಯಾಕೆ ಐದು ಕೊಟ್ರಿ?"

"ನೀನು ಕೂಗಿದ್ಯಲ್ಲ."

"ನಾನು ಕೂಗಿದ್ರೆ?"

"ನಂಗೇನು ಕಲ್ಲು ಕಾಣತ್ತಾ? ಹ್ಯಾಂಡಲ್ ಹಿಡಿದ ಕೈಗೆ ನುಣ್ಣಗೇ ಇತ್ತು ದಾರಿ. ಆದ್ರೆ ನೀನು ಹಂದಿ ಕೊಯ್ದ ಹಾಗೆ ಕಿರುಚ್ತಾ ಇದ್ದೆ. ಇಷ್ಟು ನುಣ್ಣಗಿರೋ ದಾರೀಲಿ ಇಷ್ಟು ಕಿರುಚ್ತಾನೆ ಅಂದ್ರೆ ಏನೋ ಭಯಂಕರ ಇರ್ಬೇಕು ಅಂದ್ಕೊಂಡೆ. ಎಲ್ಲಾ ದಾರಿಗೂ ಹಾಗೇ ಮಾಡಿದ್ದು. ಜಾಸ್ತಿ ಕೂಗಿದ್ರೆ ಐದು, ಕಮ್ಮಿ ಕೂಗಿದ್ರೆ ಎರಡು."

ಟೀ ಅಂಗಡಿಯಾಕೆ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದರು.

"ಪಂಪ್‌ಹೌಸಿನ ಏರೀಲಿ ನಾನು ಏನು ಕೂಗ್ದೆ?"

"ಏನೂ ಇಲ್ಲ," ಅಂದರು ಭಾವ. "ಹಾಡ್ತಿದ್ದೆ." ಆಮೇಲೆ ಅವರ ಮುಖವೂ ಬದಲಾಯಿತು. "ಯಾಕೋ? ನಿಮ್ಮಕ್ಕ ಎಲ್ಲಿಗೆ ಹೋಗಿದ್ದು?"

ನಿನ್ನೆ ಊಟದ ಹೊತ್ತಿನಲ್ಲಿ ಅಕ್ಕ ಹೇಳಿದ್ದಳು. ಪಂಪ್‌ಹೌಸಿನ ಏರಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ನೀವು ಒಂದು ಕೊಟ್ಟಿದ್ದೀರಲ್ಲ ಎಂದು. ನಾವಿಬ್ಬರೂ ತಟ್ಟೆ ನೋಡುತ್ತ ತಲೆಯಾಡಿಸಿದ್ದೆವು.

ಫೋನು ಮಾಡಿದೆವು. ತೆಗೆಯಲಿಲ್ಲ. ಸೈಕಲ್ ತುಳಿಯುವಾಗ ಫೋನು ಮುಟ್ಟಬಾರದು ಎಂದು ಅವಳು ಮಕ್ಕಳಿಗೆ ಪಾಠ ಹೇಳುತ್ತಾಳೆ, ತಾನೂ ಪಾಲಿಸುತ್ತಾಳೆ.

ಕಾಲುವೆಯ ಸೇತುವೆ ದಾಟಿ ಹೊಡೆದೆವು. ಏರಿಯ ಬಾಯಿಯಲ್ಲಿ ಹೊಸ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿತ್ತು. "ನೀವು ಇಲ್ಲೇ ಇರಿ ಭಾವ," ಅಂದೆ.

"ಇಪ್ಪತ್ತು ವರ್ಷದಿಂದ ಅಂಕಿ ಕೊಡ್ತಾ ಇರೋನು ನಾನು, ಇದೂ ನಾನೇ ಕೊಟ್ಟಿದ್ದು," ಅಂದರು. "ನಡಿ ಮುಂದೆ. ಕೂಗು. ಮೊದಲನೇ ದಿನ ಕೂಗಿದ ಹಾಗೆ ಕೂಗು."

ಕೂಗಲಿಕ್ಕೆ ನೋಡಬೇಕಲ್ಲ. ನೋಡಿದೆ. ಅದೇ ಏರಿ. ಎಡಗಡೆ ಅಂಚು ಕುಸಿದು ನೀರಿಗೆ ಇಳಿದಿತ್ತು. ಕೂಗಿದೆ. ಮುಂದೆ ಬಲಗಡೆಯೂ ಕುಸಿದು, ನಡುವೆ ಉಳಿದದ್ದು ಒಂದು ಮೊಳದ ದಾರಿ. ಕೂಗಿದೆ. ಅಲ್ಲಿಂದ ಕೆಳಕ್ಕೆ ಪಾಚಿಗಟ್ಟಿದ ಕಲ್ಲುಕಟ್ಟು, ಅದರ ಬುಡದಲ್ಲಿ ಕಾಲುವೆ. ತಡೆಯಿಲ್ಲ, ಬೇಲಿಯಿಲ್ಲ. ತಿರುವಿನಲ್ಲಿ ಗರಸು ಕೊಚ್ಚಿಹೋಗಿ ಕಬ್ಬಿಣದ ಸರಳುಗಳು ಎದ್ದು ನಿಂತಿದ್ದವು. ಮೇ ತಿಂಗಳಲ್ಲಿ ನಾನು ಇವುಗಳ ಪಕ್ಕದಲ್ಲೇ ಹಾಡುತ್ತ ಹೋಗಿದ್ದೆ. ಬೆಳ್ಳಕ್ಕಿ ಕಂಡಿತ್ತು, ಇವು ಕಂಡಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಹಿಂದಿನಿಂದ ಭಾವನ ಉಸಿರು ಕೇಳುತ್ತಿತ್ತು, ಪ್ರತಿ ಕೂಗಿಗೂ ಅವರ ಬ್ರೇಕು ಕಿರ್ ಎನ್ನುತ್ತಿತ್ತು.

ತಿರುವಿನಾಚೆ ಅವರು ಎದುರಾದರು. ಅಕ್ಕ ಮಕ್ಕಳನ್ನೆಲ್ಲ ಸೈಕಲ್ಲಿನಿಂದ ಇಳಿಸಿ ನಡೆಸಿಕೊಂಡು ವಾಪಸ್ಸು ಬರುತ್ತಿದ್ದಳು. ಸೈಕಲ್ಲುಗಳು ಹಿಂದೆ ಅಲ್ಲಲ್ಲೇ ಬಿದ್ದಿದ್ದವು. ಅಕ್ಕ ಎದೆಯವರೆಗೆ ಒದ್ದೆಯಾಗಿದ್ದಳು. ಅವಳ ಕೈ ಹಿಡಿದಿದ್ದ ಪುಟ್ಟ ಹುಡುಗಿ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು, ಗಲ್ಲಕ್ಕೆ ಕರವಸ್ತ್ರ ಒತ್ತಿಕೊಂಡಿದ್ದಳು. ಕರವಸ್ತ್ರ ಕೆಂಪಾಗಿತ್ತು.

"ಹೋದ ವಾರ ತೇಲೋದು ಕಲಿತಳು," ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. "ಈ ದಾರೀಲಿ ನೀನೂ ಹೋಗಿದ್ಯಾ?"

"ಹೂಂ."

"ಕಣ್ಣು ಬಿಟ್ಕೊಂಡು?"

ನಾನು ಹ್ಯಾಂಡಲ್ ನೋಡಿದೆ.

"ನಿನ್ನ ಒಂದೇ ಒಂದು ಮಾತು ಕೇಳಿದ್ದೆ ಕಣೋ. ಕಾಣತ್ತೆ ಅಂದೆ. ಅದನ್ನ ನಂಬಿ ಇವರ ಹತ್ರ ಕ್ಷಮೆ ಕೇಳ್ದೆ. ಅದನ್ನೇ ನಂಬಿ ಊರವರ ಮಕ್ಕಳನ್ನ ಕರ್ಕೊಂಡು ಬಂದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಮೂಲಿ ದನಿಯಲ್ಲಿ ಹೇಳಿದಳು. ನನಗೆ ಅಲ್ಲೇ ಕಾಲುವೆಗೆ ಹಾರಬೇಕು ಅನ್ನಿಸಿತು, ಆದರೆ ಅವಳು ಹಾರಿ ಎತ್ತುತ್ತಿದ್ದಳು.

"ಅವನನ್ನ ಅನ್ಬೇಡ," ಅಂದರು ಭಾವ. "ಹೇಳ್ಬೇಡ ಅಂದಿದ್ದು ನಾನು. ನಂಗೆ ಕಾಣಲ್ಲ. ಎರಡು ವರ್ಷದಿಂದ ಕಾಣಲ್ಲ."

ಮಕ್ಕಳು ಅವರನ್ನೇ ನೋಡುತ್ತಿದ್ದರು. ಒಬ್ಬಳು, "ಏನೂ ಕಾಣಲ್ವಾ ಅಂಕಲ್?" ಅಂದಳು.

"ಮಕ್ಕಳು ಮೊದಲು ಕೆಳಗೆ ಇಳೀಲಿ," ಅಂದಳು ಅಕ್ಕ. "ಎಲ್ಲರೂ ಮುಂದಿನವರ ಭುಜ ಹಿಡ್ಕೊಳ್ಳಿ. ಬಿಡ್ಬಾರದು."

ಮಕ್ಕಳು ಸಾಲಾಗಿ ಭುಜ ಹಿಡಿದುಕೊಂಡರು. ಭಾವ ಸೈಕಲ್ಲಿನಿಂದ ಇಳಿದು ಅದನ್ನು ನನ್ನ ಕೈಗೆ ಕೊಟ್ಟರು. ಸಾಲಿನ ಕೊನೆಗೆ ಹೋಗಿ, ಬಗ್ಗಿ, ತಡವಿ, ಕೊನೆಯ ಮಗುವಿನ ಭುಜದ ಮೇಲೆ ಕೈ ಇಟ್ಟರು. ಹಾಗೇ ನಡೆದು ಹೋದರು. ನಾನು ಎರಡು ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ.

ಜೂನ್ 14

ಹುಡುಗಿಯ ಗಲ್ಲಕ್ಕೆ ಹೊಲಿಗೆ ಬಿದ್ದಿದೆ. ಅಕ್ಕ ಅವರ ಮನೆಗೆ ಹೋಗಿ ಬಂದಳು. ಏನಾಯಿತು ಎಂದು ನನಗೆ ಹೇಳಲಿಲ್ಲ. ಇಬ್ಬರು ಮಕ್ಕಳನ್ನು ಈಜಿನಿಂದ ಬಿಡಿಸಿದ್ದಾರೆ ಎಂದು ಭಾವನಿಂದ ಗೊತ್ತಾಯಿತು.

ಜೂನ್ 16

ಭಾವ ಕಚೇರಿಗೆ ಹೋಗಿ ತಾವೇ ಎಲ್ಲ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೇಡಂ ಬಹಳ ಹೊತ್ತು ಗೋಡೆಯ ನಕ್ಷೆಯನ್ನು ನೋಡಿದರು. ಹದಿನೆಂಟು ಬಿಲ್ಲೆಗಳನ್ನೂ ಇವತ್ತೇ ಕೀಳಿಸುತ್ತೇವೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಎಲ್ಲಾ ದಾರಿ ತುಳಿದಿದೀರಲ್ಲ, ನೀವೇ ಹೊಸದಾಗಿ ಅಂಕಿ ಕೊಡಬಹುದಾ?" ಎಂದು ಕೇಳಿದರು.

"ಇವನು ಬೇಡ," ಅಂದರು ಭಾವ. "ಮಾರ್ಚಿನಲ್ಲಿ ಕೇಳಿದ್ರೆ ಆಗ್ತಿತ್ತು. ಈಗ ಇವನಿಗೆ ಹೆದರಿಕೆ ಹೋಗಿಬಿಟ್ಟಿದೆ. ಯಾರಾದ್ರೂ ಹೆದರುಪುಕ್ಕಲರನ್ನ ಹುಡುಕಿ."

ಮೇಡಂ ತಮ್ಮ ತಮ್ಮನನ್ನು ಕಳಿಸುತ್ತಾರಂತೆ. ಅವನು ಲಿಫ್ಟಿಗೂ ಹೆದರುತ್ತಾನಂತೆ.

ಹೆದರಿಕೆ ಹೋಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ದಾರಿಗಳು ಚೆನ್ನಾಗಿವೆ ಎಂದುಕೊಂಡಿದ್ದೆ.

ಜೂನ್ 21

ಅಕ್ಕ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆಯುವುದಿಲ್ಲ, ತಟ್ಟೆ ಇಡುವ ಸದ್ದು ಮಾಡುತ್ತಾಳೆ. ಇವತ್ತು ಪಾತ್ರೆ ಒರೆಸಲು ಹೋದರೆ ಬಟ್ಟೆ ಕಿತ್ತುಕೊಂಡಳು. ಅಂಗಡಿ ಮುಚ್ಚಿದಾಗ ಇಷ್ಟು ಬೇಜಾರಾಗಿರಲಿಲ್ಲ.

ಜೂನ್ 24

ಅಕ್ಕ ಮಾತಾಡಿದಳು. "ನಾಳೆ ಇವರನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗು. ನಂಗೆ ಕೊಳದ ಕೆಲಸ ಇದೆ. ಒಳಗಡೆ ನೀನೂ ಕೂತ್ಕೋ. ಅಲ್ಲಿ ಆಗಿದ್ದು ಅಷ್ಟೂ ಬಂದು ಹೇಳು. ಅಷ್ಟೂ."

ಜೂನ್ 25

ಕತ್ತಲೆ ಕೋಣೆ. ಗೋಡೆಯ ಮೇಲೆ ಅಕ್ಷರದ ಪಟ. ನಾನು ಅಭ್ಯಾಸಬಲದಿಂದ ಕೊನೆಯ ಸಾಲಿನವರೆಗೂ ಮನಸ್ಸಿನಲ್ಲೇ ಓದಿಬಿಟ್ಟೆ. ಭಾವ ಮೊದಲ ಅಕ್ಷರಕ್ಕೇ ನಿಂತರು. ಅದು ಅಂಗೈಯಷ್ಟು ದೊಡ್ಡದಿತ್ತು.

ಡಾಕ್ಟರು ಸಣ್ಣ ವಯಸ್ಸಿನವರು, ಮಾತು ಕಡಿಮೆ. ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ, ಕಣ್ಣಿಗೆ ಸೂಜಿ ಹಾಕಿಸಿಕೊಂಡರೆ ಉಳಿದದ್ದು ಉಳಿಯಬಹುದು, ಎರಡು ವರ್ಷ ಮೊದಲೇ ಬಂದಿದ್ದರೆ ಬೇರೆ ಮಾತು, ಅಂದರು. ಸೈಕಲ್ ಬೇಡ ಅಂದರು. ಬರೆದುಕೊಳ್ಳುತ್ತ, "ಹೆಂಡತಿ ಮುಖ ಕಾಣತ್ತಾ?" ಎಂದು ಕೇಳಿದರು.

"ಇಲ್ಲ," ಅಂದರು ಭಾವ. "ಹೋದ ವರ್ಷದಿಂದ ಇಲ್ಲ. ಕಿವಿ ಕಾಣತ್ತೆ."

ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ತೊಡೆ ತಟ್ಟಿ, "ಎಲ್ಲಾ ಹೇಳು," ಅಂದರು. "ಸೂಜಿ ಹೇಳು, ಸೈಕಲ್ ಹೇಳು, ತಡವಾಗಿ ಬಂದಿದ್ದೂ ಹೇಳು. ಆ ಮುಖದ್ದೊಂದು ಬಿಟ್ಟುಬಿಡು ಕಣೋ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಅಕ್ಕ ಊಟದ ಮೇಜಿನ ಆ ಕಡೆ ಕೂತು ಕಾಯುತ್ತಿದ್ದಳು. ಭಾವ ಅವಳ ಎದುರು ಕುರ್ಚಿಯಲ್ಲಿ ಕೂತರು. ನಾನು ನಿಂತೇ ಒಂದೊಂದಾಗಿ ಹೇಳಿದೆ. ಸೂಜಿ. ಸೈಕಲ್. ಎರಡು ವರ್ಷದ ಮಾತು. ಅದನ್ನು ಕೇಳಿದಾಗ ಅವಳು ಕಣ್ಣು ಮುಚ್ಚಿ ತೆಗೆದಳು.

"ಅಷ್ಟೇನಾ?"

ಭಾವ ಕೆಮ್ಮಿದರು.

"ಇಲ್ಲ," ಅಂದೆ. "ಹೋದ ವರ್ಷದಿಂದ ಅವರಿಗೆ ನಿನ್ನ ಮುಖ ಕಾಣ್ತಿಲ್ಲ ಅಕ್ಕ. ಅದನ್ನ ಹೇಳ್ಬೇಡ ಅಂದಿದ್ರು."

ಅಕ್ಕ ಎದ್ದು, ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು, ಭಾವನ ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಹಾಕಿ ಕೂತಳು.

"ಈಗ?"

ಭಾವ ಎದುರಿನ ಗೋಡೆಯನ್ನು ದಿಟ್ಟಿಸಿ ನೋಡಿದರು. ಅವಳನ್ನು ನೋಡಬೇಕಾದರೆ ಅವರು ಗೋಡೆ ನೋಡಬೇಕು.

"ಕಾಣತ್ತೆ," ಅಂದರು. "ಸ್ವಲ್ಪ. ಆ ಈಜಿನ ಟೋಪಿ ತೆಗಿ."

ಅಕ್ಕ ತಲೆ ಮುಟ್ಟಿ ನೋಡಿಕೊಂಡಳು. "ಟೋಪಿ ಎಲ್ಲಿದೆ?"

"ಬೆಳ್ಳಗೆ ಕಾಣತ್ತಲ್ಲ. ಒಂದು ವರ್ಷದಿಂದ ಮನೇಲೂ ಹಾಕ್ಕೊಂಡೇ ಇರ್ತೀಯ. ಯಾಕೆ ಅಂತ ಕೇಳಿದ್ರೆ ಸಿಕ್ಕಿಬೀಳ್ತೀನಿ ಅಂತ ಸುಮ್ನಿದ್ದೆ."

ಅಕ್ಕನ ಕೈ ತಲೆಯ ಮೇಲೆಯೇ ಇತ್ತು.

"ಕೂದಲಿಗೆ ಬಣ್ಣ ಹಚ್ಚೋದು ಬಿಟ್ಟು ವರ್ಷ ಆಯ್ತು ಕಣ್ರೀ," ಅಂದಳು. "ನೀವು ಒಂದು ಮಾತೂ ಅನ್ನಲಿಲ್ಲ ಅಂತ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ."